ನಿಸ್ಸಂಗವಾದ ನಳಿಗೆ

1860ನೆಯ ಇಸವಿ ಜುಲೈ 2ನೆಯ ತಾರೀಖು ಲಂಡನಿನ ಸಮೀಪದ ವಿಂಬಲ್ಡನ್ ಬಯಲಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘದ ಮೊತ್ತಮೊದಲಿನ ಸ್ಪರ್ಧೆಯು ಆರಂಭವಾಯಿತು. ಅಂದಿನ ಮೊದಲ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. ಜೋಸೆಫ್ ವಿಟ್‌ವರ್ತ್ ಎಂಬ ಪ್ರಸಿದ್ಧ ಯಂತ್ರಶಿಲ್ಪಿಯು ತಾನು ನಿರ್ಮಿಸಿದ ರೈಫಲನ್ನು ಕಬ್ಬಿಣದ ಪೀಠವೊಂದರಲ್ಲಿ ಬಿಗಿದು, 400 ಗಜ ದೂರದ ಗುರಿಗೆ ಸರಿಯಾಗಿ ತಿರುಗಿಸಿ ಇಟ್ಟಿದ್ದನು. ಕೋವಿಯ ಕುದುರೆಗೆ ಕಟ್ಟಿದ್ದ ಹುರಿಯನ್ನು ರಾಣಿಯು ಎಳೆದುದಷ್ಟೆ. ಗುಂಡು ಗುರಿಯ ಕೇಂದ್ರದಿಂದ ಎರಡು ಅಂಗುಲದೊಳಗೆ ಹೋಗಿ ತಗುಲಿತು. ನೆರೆದಿದ್ದ ಜನರು ಹರ್ಷಧ್ವನಿ ಮಾಡಿದರು. ಆದರೆ ಆ ದಿನದ ನಿಜವಾದ ಪಾಠವನ್ನು ಗಮನಿಸಿದವರು ವಿರಳ. ಆ ಗುಂಡಿನ ಹಿಂದೆ ಮನುಷ್ಯನ ಭುಜವಿರಲಿಲ್ಲ, ಉಸಿರಿನ ಏರಿಳಿತವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೋವಿಯನ್ನು ಮುಂದುಗಡೆ ಹಿಡಿದ ಕೈಯೇ ಇರಲಿಲ್ಲ.

ಕೋವಿಗೆ ಕೈ ಬೇಕು. ಕೈಯಿಲ್ಲದೆ ಅದು ಏಳದು, ತಿರುಗದು. ಆದರೆ ಕೋವಿಯ ನಳಿಗೆಗೆ ಕೈಯ ಸ್ಪರ್ಶ ಸಲ್ಲದು. ಈ ಎರಡು ಮಾತುಗಳ ನಡುವಣ ವಿರೋಧವನ್ನು ಪರಿಹರಿಸಲು ಮನುಷ್ಯನು ನೂರು ವರ್ಷಗಳಿಗೂ ಮೀರಿ ಪಟ್ಟ ಪ್ರಯಾಸದ ಫಲವೇ ಇಂದಿನ ಸೂಕ್ಷ್ಮಲಕ್ಷ್ಯದ ರೈಫಲುಗಳಲ್ಲಿ ಕಾಣುವ 'ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡ್' ಎಂಬ ಅಂಗವು. ನಳಿಗೆಯ ಸುತ್ತ ಕೊಳವೆಯಂತೆ ನಿಂತು, ಹಿಡಿಯುವ ಕೈಗೆ ಆಸರೆಯಾಗಿ, ನಳಿಗೆಯನ್ನು ಮಾತ್ರ ಎಲ್ಲಿಯೂ ಮುಟ್ಟದೆ ಇರುವುದು ಇದರ ಲಕ್ಷಣ. ಇದನ್ನು ಕನ್ನಡದಲ್ಲಿ ಕೈಗಾಪು ಎಂದು ಕರೆಯಬಹುದು. ಅದರೊಳಗೆ ಅಂಟಿಲ್ಲದೆ ನಿಂತ ನಳಿಗೆಯನ್ನು ನಿಸ್ಸಂಗವೆನ್ನುವುದು ಯುಕ್ತವಾಗಿದೆ. ರೈಫಲನ್ನು ಹೊಸದಾಗಿ ಕಟ್ಟಿಸುವವರು ಇಂದು ಅಂಗಡಿಯಲ್ಲಿ ಹತ್ತಾರು ಬಗೆಯ ಕೈಗಾಪುಗಳನ್ನು ಕಂಡು ಯಾವುದನ್ನು ಆರಿಸಬೇಕೆಂದು ತಡವರಿಸುತ್ತಾರೆ. ಅದಕ್ಕೆ ಉತ್ತರವು ವ್ಯಾಪಾರಿಗಳ ಪ್ರಶಂಸೆಯಲ್ಲಿ ದೊರೆಯುವುದಿಲ್ಲ. ಅದು ಈ ಅಂಗದ ಚರಿತ್ರೆಯಲ್ಲಿಯೇ ಅಡಗಿದೆ.

ಮೊದಲಿಗೆ ಮರವು ನಳಿಗೆಯ ಜೊತೆಗೂಡಿದುದು ಹೇಗೆಂಬುದನ್ನು ನೋಡೋಣ. ನಮ್ಮ ದೇಶದ ಹಳೆಯ ಬತ್ತಿಕೋವಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಕಂಡವರು ಬಲ್ಲರು: ನೀಳವಾದ ನಳಿಗೆಯನ್ನು ಅಷ್ಟೇ ನೀಳವಾದ ಮರದ ಮೇಲೆ ಮಲಗಿಸಿ, ಹಸಿಚರ್ಮದಿಂದಲೋ ಲೋಹದ ತಂತಿಯಿಂದಲೋ ಅಲ್ಲಲ್ಲಿ ಸುತ್ತಿ ಬಿಗಿದಿರುತ್ತಾರೆ. ಯೂರೋಪಿನ ಸೈನ್ಯಗಳ ಮಸ್ಕೆಟ್ಟುಗಳಲ್ಲಿಯೂ ಮರವು ಬಹುಮಟ್ಟಿಗೆ ಮೂತಿಯವರೆಗೆ ಚಾಚಿತ್ತು. ಇಂಗ್ಲಿಷರು ಅದನ್ನು ಮೊಳೆಗಳಿಂದಲೂ ಫ್ರೆಂಚರು ಲೋಹದ ಪಟ್ಟಿಗಳಿಂದಲೂ ಸೇರಿಸುತ್ತಿದ್ದರು. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೇಲಿಂದ ಮೇಲೆ ಹಾರಿಸಿದಾಗ ಕಾದ ಕಬ್ಬಿಣವು ಕೈಯನ್ನು ಸುಡುತ್ತದೆ. ಕೋವಿಯ ತುದಿಗೆ ಚೂರಿಯನ್ನು ಸಿಕ್ಕಿಸಿ ಈಟಿಯಂತೆ ತಿವಿಯುವಾಗ ತೆಳುವಾದ ನಳಿಗೆಗೆ ಬಲ ಬೇಕಾಗುತ್ತದೆ. ಬೀಳು ಏಳುಗಳಲ್ಲಿ ಅದಕ್ಕೆ ರಕ್ಷಣೆಯೂ ಬೇಕು. ಅಂದಿನ ಮಸ್ಕೆಟ್ಟಿನ ಗುಂಡು ನೂರು ಗಜದಾಚೆ ಎಲ್ಲಿ ಹೋಗುವುದೆಂದು ಹೇಳುವುದೇ ಕಷ್ಟವಾಗಿದ್ದುದರಿಂದ, ಮರದ ಒತ್ತಡದಿಂದ ಆಗುವ ಎರಡಂಗುಲದ ತಪ್ಪನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳುಹಿಸುವ ರೈಫಲು ಸೈನ್ಯಗಳಲ್ಲಿ ಸಾಮಾನ್ಯವಾದ ಮೇಲೆಯೇ ಆ ಎರಡಂಗುಲಕ್ಕೆ ಬೆಲೆ ಬಂದಿತು.

ಇಲ್ಲಿ ಸೂಕ್ಷ್ಮವೆಂದರೇನು ಎಂಬುದನ್ನು ಸ್ಪಷ್ಟಪಡಿಸುವುದು ಅವಶ್ಯಕ. ಒಂದು ಗುಂಡು ಕೇಂದ್ರಕ್ಕೆ ತಗುಲಿದ ಮಾತ್ರಕ್ಕೆ ಕೋವಿಯು ಒಳ್ಳೆಯದೆನ್ನಲಾಗದು. ಮರವನ್ನು ಕೊರೆಯುವ ಹುಳುವಿನ ಗೆರೆಯು ಒಮ್ಮೊಮ್ಮೆ ಅಕ್ಷರದಂತೆ ಕಾಣುವುದುಂಟು. ಅದರಿಂದ ಹುಳುವಿಗೆ ಓದುಬರಹ ಬರುತ್ತದೆಂದು ಯಾರೂ ತಿಳಿಯುವುದಿಲ್ಲ. ಐದಾರು ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳಬೇಕು. ಇಂದು ಬಿದ್ದಲ್ಲಿಯೇ ನಾಳೆಯೂ ಬೀಳಬೇಕು. ಈ ಗುಂಪಿನ ಅಗಲವನ್ನು ಲಕ್ಷ್ಯಗಾರರು ಕೋನದಲ್ಲಿ ಅಳೆಯುತ್ತಾರೆ. ನಮ್ಮ ಜ್ಯೋತಿಷಿಗಳು ಒಂದು ಅಂಶವನ್ನು 60 ಭಾಗ ಮಾಡಿ ಒಂದೊಂದನ್ನು ಕಲೆ ಎಂದು ಕರೆಯುವರಷ್ಟೆ. ಆ ಕಲೆಯೇ ಅವರ ಮಾನದಂಡವೂ ಆಗಿದೆ. 100 ಗಜ ದೂರದಲ್ಲಿ ಒಂದು ಕಲೆ ಎಂದರೆ ಸುಮಾರು ಒಂದು ಅಂಗುಲ. 600 ಗಜದಲ್ಲಿ ಆರು ಅಂಗುಲಕ್ಕಿಂತ ತುಸು ಹೆಚ್ಚು. ಹತ್ತಿರದಲ್ಲಿ ಕೂದಲೆಳೆಯಾಗಿ ತೋರುವ ತಪ್ಪು ದೂರದಲ್ಲಿ ಗೇಣಾಗಿ ಬೆಳೆಯುತ್ತದೆ.

ಈ ತಪ್ಪು ಎಲ್ಲಿಂದ ಹುಟ್ಟುತ್ತದೆ? ಮದ್ದು ಉರಿದು ಗುಂಡು ನಳಿಗೆಯನ್ನು ದಾಟಲು ಹಿಡಿಯುವ ಕಾಲವು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದೆರಡು ಮಾತ್ರ. ಆ ಅತ್ಯಲ್ಪಕಾಲದಲ್ಲಿಯೇ ನಳಿಗೆಯು ಮೀಟಿದ ತಂತಿಯಂತೆ ಕಂಪಿಸುತ್ತದೆ. ಜರ್ಮನಿಯ ಕ್ರಾಂಟ್ಸ್ ಮತ್ತು ಕೋಖ್ ಎಂಬ ವಿದ್ವಾಂಸರು 19ನೆಯ ಶತಮಾನದ ಕೊನೆಯಲ್ಲಿ ಈ ಕಂಪನವನ್ನೇ ಪ್ರತ್ಯೇಕವಾಗಿ ಪರಿಶೋಧಿಸಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ವೀಣೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿಯು ಬಿಡಿಯಾಗಿ ನುಡಿಯುವಾಗ ಒಂದು ಸ್ವರ. ನಡುವೆ ಬೆರಳು ಹಗುರವಾಗಿ ಸೋಂಕಿದರೆ ಬೇರೆಯೇ ಸ್ವರ. ಹಾಗೆಯೇ ನಳಿಗೆಗೆ ಮರವು ಒಂದೆಡೆ ತಾಗಿದರೆ ಕಂಪನದ ರೀತಿಯು ಬದಲಾಗುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಮೂತಿಯು ಬೇರೊಂದು ದಿಕ್ಕನ್ನು ನೋಡುತ್ತಿರುತ್ತದೆ. ತಾಗುವಿಕೆಯು ಪ್ರತಿಸಲವೂ ಒಂದೇ ಸಮನಾಗಿದ್ದರೆ ಅದಕ್ಕೆ ತಕ್ಕಂತೆ ಗುರಿಯನ್ನು ತಿದ್ದಿಕೊಳ್ಳಬಹುದು. ಇಂದು ಇಷ್ಟು, ನಾಳೆ ಅಷ್ಟು ಎಂದಾದರೆ ತಿದ್ದುವುದು ಹೇಗೆ?

ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರ್ಯಾಂಕ್ಲಿನ್ ಮ್ಯಾನ್ ಎಂಬ ವೈದ್ಯನು ತನ್ನ ಆಯುಷ್ಯದ ಬಹುಭಾಗವನ್ನು ಇಂತಹ ಪ್ರಶ್ನೆಗಳಿಗೆ ಮುಡಿಪಾಗಿಟ್ಟನು. ತಾರ್ಕಿಕರು ಅನ್ವಯವ್ಯತಿರೇಕವೆನ್ನುವ ಕ್ರಮವೇ ಅವನದು. ಕಾರಣವನ್ನು ಕಂಡುಹಿಡಿಯಬೇಕಾದರೆ ಸಂಶಯವಿರುವುದನ್ನೆಲ್ಲಾ ಒಂದೊಂದಾಗಿ ತೆಗೆದುಹಾಕಿ ನೋಡಬೇಕು. ಅವನು ನಳಿಗೆಯಿಂದ ಮರವನ್ನು ಪೂರ್ತಿಯಾಗಿ ತೆಗೆದನು. ನಳಿಗೆಗೆ ಅದರೊಡನೆ ಏಕಕೇಂದ್ರವಾದ ಲೋಹದ ಬಳೆಗಳನ್ನು ತೊಡಿಸಿ, ನೆಲದಲ್ಲಿ ಹುಗಿದ ಭಾರಿಯಾದ ಕಾಂಕ್ರೀಟಿನ ಕಟ್ಟೆಯ ಮೇಲೆ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಹಳ್ಳವುಳ್ಳ ಪೀಠದಲ್ಲಿ ಅದನ್ನು ಮಲಗಿಸಿದನು. ಆ ಕಟ್ಟೆಗೆ ಅವನಿಟ್ಟ ಹೆಸರು 'ಶೂಟಿಂಗ್ ಜಿಬ್ರಾಲ್ಟರ್'. ಹೀಗೆ ಕೈಯ ದೋಷವನ್ನೂ ಮರದ ದೋಷವನ್ನೂ ಕಳೆದ ಮೇಲೆ ಉಳಿಯುವ ದೋಷವು ಬಹುಮಟ್ಟಿಗೆ ಗುಂಡಿನದೇ, ಅದರ ಬುಡದ ಅಂದಗೇಡಿತನದ್ದೇ ಎಂದು ಅವನು ತೋರಿಸಿಕೊಟ್ಟನು. ಅವನ ಗ್ರಂಥವು 1909ನೆಯ ಇಸವಿಯಲ್ಲಿ ಹೊರಬಿದ್ದಿತು. ವಿಟ್‌ವರ್ತನ ಕಬ್ಬಿಣದ ಪೀಠವು ಮೆರೆದು ತೋರಿದ ಸತ್ಯವನ್ನು ಈ ವೈದ್ಯನು ಶಾಸ್ತ್ರವನ್ನಾಗಿ ಮಾಡಿದನು.

ಆದರೆ ಕಾಂಕ್ರೀಟಿನ ಕಟ್ಟೆಯನ್ನು ಹೊತ್ತುಕೊಂಡು ಸೈನಿಕನು ನಡೆಯಲಾರನು. ಅದೇ ಕಾಲದಲ್ಲಿ, ಅಂದರೆ 1907ರಲ್ಲಿ, ಬ್ರಿಟಿಷ್ ಸೈನ್ಯವು ಅಂಗೀಕರಿಸಿದ ಲೀ-ಎನ್‌ಫೀಲ್ಡ್ ರೈಫಲಿನ ಮೂರನೆಯ ಮಾದರಿಯಲ್ಲಿ ಮರವು ಮೂತಿಯವರೆಗೂ ನಳಿಗೆಯನ್ನು ಮುಚ್ಚಿಕೊಂಡಿತ್ತು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿಯೂ ತಯಾರಾದ ಈ ರೈಫಲನ್ನು ಹಿಡಿದೇ ಭಾರತದ ಸಿಪಾಯಿಗಳು ಎರಡು ಮಹಾಯುದ್ಧಗಳಲ್ಲಿ ಹೋರಾಡಿದರು. ಇದರ ಶಿಲ್ಪಿಗಳು ನಳಿಗೆಯ ಕಷ್ಟವನ್ನು ಅರಿಯದವರಲ್ಲ. ಚೂರಿಯನ್ನು ನಳಿಗೆಗೆ ಸಿಕ್ಕಿಸದೆ ಮರದ ತುದಿಯ ಲೋಹದ ಮೂತಿಗವಚಕ್ಕೆ ಸಿಕ್ಕಿಸುವಂತೆ ಮಾಡಿದರು. ಮರದೊಳಗೆ ಚಿಕ್ಕ ಸ್ಪ್ರಿಂಗೊಂದನ್ನು ಅಡಗಿಸಿ, ಅದರ ಮೇಲಿನ ಮೊಳೆಯು ನಳಿಗೆಯನ್ನು ಮೃದುವಾಗಿ ಮೇಲಕ್ಕೆ ಒತ್ತುವಂತೆ ಏರ್ಪಡಿಸಿದರು. ಮುಂದೆ ಬಂದ ನಾಲ್ಕನೆಯ ಮಾದರಿಯಲ್ಲಿ ನಳಿಗೆಯು ಮರದ ತುದಿಯ ಮೇಲೆ 2ರಿಂದ 7 ಪೌಂಡಿನಷ್ಟು ಒತ್ತಡದಿಂದ ಕುಳಿತಿರಬೇಕೆಂದು ನಿಯಮವಿತ್ತು. ಆ ಒತ್ತಡವನ್ನು ಕೂರಿಸುವುದು ನುರಿತ ಬಡಗಿಯ ಕೆಲಸವಾಗಿತ್ತು. ಇಲ್ಲಿ ಸ್ಪರ್ಶವನ್ನು ತಪ್ಪಿಸಲಿಲ್ಲ; ಸ್ಪರ್ಶವನ್ನು ಏಕರೂಪವಾಗಿರಿಸಲು ಯತ್ನಿಸಿದರು.

ಈ ಮಾರ್ಗವು ನಿಷ್ಫಲವಾಯಿತೆಂದು ಹೇಳುವುದು ಅನ್ಯಾಯ. ಬಿಸ್ಲಿಯ ಸ್ಪರ್ಧಾಭೂಮಿಯಲ್ಲಿ ಲೀ-ಎನ್‌ಫೀಲ್ಡ್ ರೈಫಲು ಹತ್ತಿರಕ್ಕಿಂತ 800, 1000 ಗಜಗಳಂತಹ ದೂರದಲ್ಲಿಯೇ ಹೆಚ್ಚು ಒಪ್ಪವಾಗಿ ಹೊಡೆಯುತ್ತದೆಂಬುದು ಪ್ರಸಿದ್ಧವಾಗಿತ್ತು. ಮೂತಿಯು ಮೇಲಕ್ಕೆ ಏಳುತ್ತಿರುವ ಕ್ಷಣದಲ್ಲಿ ಗುಂಡು ಹೊರಬೀಳುವುದರಿಂದ, ವೇಗವುಳ್ಳ ಗುಂಡು ಬೇಗನೆ, ಅಂದರೆ ತಗ್ಗಿನಲ್ಲಿ ಹೊರಟರೆ, ನಿಧಾನವಾದ ಗುಂಡು ತಡವಾಗಿ, ಅಂದರೆ ಎತ್ತರದಲ್ಲಿ ಹೊರಡುತ್ತಿತ್ತು; ದೂರದಲ್ಲಿ ಎರಡೂ ಸರಿಹೋಗುತ್ತಿದ್ದವು. ಕಂಪನದ ದೋಷವೇ ಅಲ್ಲಿ ಗುಣವಾಗಿ ಪರಿಣಮಿಸಿತು. ಇದರಿಂದ ತಿಳಿಯುವ ತತ್ತ್ವವೇನೆಂದರೆ, ಬೇಕಾದುದು ಸ್ವಾತಂತ್ರ್ಯವೆಂಬ ಹೆಸರಲ್ಲ, ಏಕರೂಪತೆಯೆಂಬ ಫಲ. ನಳಿಗೆಯನ್ನು ಮುಟ್ಟದೆ ಬಿಡುವುದು ಆ ಫಲವನ್ನು ಪಡೆಯುವ ಅತ್ಯಂತ ಸುಲಭವಾದ ಹಾಗೂ ಬಾಳಿಕೆಯ ದಾರಿ. ಅಷ್ಟರಮಟ್ಟಿಗೆ ಮಾತ್ರ ಅದು ಶ್ರೇಷ್ಠ.

ಮರದ ಸ್ಪರ್ಶವು ಏಕರೂಪವಾಗಿ ಉಳಿಯಲಾರದೆಂಬುದನ್ನು ಮಳೆಯು ಕಲಿಸಿತು. ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಕಾಣದ ಮನೆಯಿಲ್ಲ. 1966ರಲ್ಲಿ ಅಮೆರಿಕೆಯ ಮರೀನ್ ಪಡೆಯು ವಿಯೆಟ್ನಾಮಿನ ಯುದ್ಧಕ್ಕಾಗಿ ಎಂ-40 ಎಂಬ ರೈಫಲನ್ನು ಅಂಗೀಕರಿಸಿತು. ದೂರದಿಂದ ಒಂದೇ ಗುಂಡಿನಲ್ಲಿ ಗುರಿಯನ್ನು ಹೊಡೆಯಬೇಕಾದ ಲಕ್ಷ್ಯಗಾರರಿಗೆಂದೇ ಆರಿಸಿದ ಕೋವಿಯದು. ಅದರ ಹಿಡಿಯೂ ಮುಂಭಾಗವೂ ಆಕ್ರೋಟು ಮರದವು. ಅಲ್ಲಿಯ ಕಾಡಿನ ತೇವದಲ್ಲಿ ಆ ಮರವು ಉಬ್ಬಿತು, ಸೊಟ್ಟಗಾಯಿತು. ನಿನ್ನೆ ಸರಿಪಡಿಸಿದ ಗುರಿಯು ಇಂದು ತಪ್ಪುವಂತಾಯಿತು. ಕೋವಿಯ ಮರದಲ್ಲಿ ನೀರು ಸೇರಿದುದರ ಬೆಲೆಯನ್ನು ತೆರಬೇಕಾದವನು ಅದನ್ನು ನಂಬಿ ಕಾಡಿನಲ್ಲಿ ಮಲಗಿದ್ದ ತರುಣನು. ಆದುದರಿಂದ 1970ರ ದಶಕದಲ್ಲಿ ಹೊರಬಂದ ಎಂ-40ಎ1 ಮಾದರಿಯಲ್ಲಿ ಮರವನ್ನು ಬಿಟ್ಟು, ನೀರನ್ನು ಹೀರದ ಗಾಜಿನೆಳೆಯ ಹಿಡಿಯನ್ನು ತೊಡಿಸಿದರು. ಬ್ರಿಟಿಷರೂ 1970ರಲ್ಲಿ ಹಳೆಯ ಲೀ-ಎನ್‌ಫೀಲ್ಡಿಗೆ ದಪ್ಪನಾದ ಹೊಸ ನಳಿಗೆಯನ್ನು ಕೂಡಿಸಿ, ಮುಂಭಾಗದ ಮರವನ್ನು ಮೊಟಕುಗೊಳಿಸಿ, ನಳಿಗೆಯನ್ನು ನಿಸ್ಸಂಗವಾಗಿ ಬಿಟ್ಟು ಎಲ್-42 ಎಂಬ ಮಾದರಿಯನ್ನು ಬಳಕೆಗೆ ತಂದರು. ಮೂತಿಯವರೆಗೆ ಅಪ್ಪಿಕೊಂಡಿದ್ದ ಮರವು ಹೀಗೆ ಹಿಂದಕ್ಕೆ ಸರಿಯಿತು.

ಇಷ್ಟರಲ್ಲಿ ಬೇರೊಂದು ಜಾತಿಯ ಕೋವಿಯು ಹುಟ್ಟಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಆರ್ಮಲೈಟ್ ಸಂಸ್ಥೆಯ ಯೂಜೀನ್ ಸ್ಟೋನರ್ ಎಂಬ ಶಿಲ್ಪಿಯು ರೂಪಿಸಿದ ಎಆರ್-15 ರೈಫಲಿನ ಹಕ್ಕನ್ನು 1959ರಲ್ಲಿ ಕೋಲ್ಟ್ ಸಂಸ್ಥೆಯು ಕೊಂಡಿತು. ಅದೇ ಮುಂದೆ ಅಮೆರಿಕೆಯ ಸೈನ್ಯದ ಎಂ-16 ಆಯಿತು. ಇದರಲ್ಲಿ ಮರವಿಲ್ಲ. ಪ್ಲಾಸ್ಟಿಕ್ಕಿನ ಎರಡು ಹೋಳುಗಳು ನಳಿಗೆಯನ್ನು ಸುತ್ತುವರಿದಿರುತ್ತವೆ. ಅವುಗಳ ಹಿಂದಿನ ಅಂಚು ನಳಿಗೆಯ ಬುಡದಲ್ಲಿ ಸ್ಪ್ರಿಂಗಿನ ಬಳೆಗೆ ಸಿಕ್ಕಿರುತ್ತದೆ. ಮುಂದಿನ ಅಂಚು ನಳಿಗೆಯ ಮೇಲೆಯೇ ಕೂರಿಸಿದ ಲೋಹದ ಟೋಪಿಯಲ್ಲಿ ನಿಂತಿರುತ್ತದೆ. ಅಂದರೆ ಕೈಯು ಒತ್ತಿದ ಭಾರವು ನಳಿಗೆಗೇ ಹೋಗಿ ತಲಪುತ್ತದೆ. ಇದು ಸಾಲದೆಂಬಂತೆ, ತೋಳಪಟ್ಟಿಯ ಕೊಂಡಿಯನ್ನು ನಳಿಗೆಗೆ ಬಿಗಿದ ಮುಂದಿನ ಗುರಿಗೂಟಕ್ಕೆ ಜೋಡಿಸಿದ್ದರು. ಲಕ್ಷ್ಯಗಾರನು ನೆಲಕ್ಕೆ ಒರಗಿ, ಕೋವಿಯು ಅಲುಗದಿರಲೆಂದು ತೋಳಪಟ್ಟಿಯನ್ನು ತೋಳಿಗೆ ಬಿಗಿದಷ್ಟೂ ತೆಳುವಾದ ನಳಿಗೆಯು ಬಾಗುತ್ತಿತ್ತು. ಕೈಯನ್ನು ಸ್ಥಿರಗೊಳಿಸುವ ಉಪಾಯವೇ ನಳಿಗೆಯನ್ನು ಸ್ಥಾನದಿಂದ ಕದಲಿಸುತ್ತಿತ್ತು. ಸೈನಿಕನ ಸಾಮಾನ್ಯ ಕೆಲಸಕ್ಕೆ ಇದರಿಂದ ಹಾನಿಯಿಲ್ಲ. ಸೂಕ್ಷ್ಮಲಕ್ಷ್ಯಕ್ಕೆ ಮಾತ್ರ ಇದು ಮೂಲಚ್ಛೇದವೇ ಸರಿ.

ಪರಿಹಾರವನ್ನು ಕಂಡುಕೊಂಡವರು ಸ್ಪರ್ಧೆಯ ಲಕ್ಷ್ಯಗಾರರು. ಓಹಾಯೋ ಪ್ರಾಂತದ ಕ್ಯಾಂಪ್ ಪೆರ್ರಿಯಲ್ಲಿ 1907ರಿಂದ ನಡೆಯುತ್ತಿರುವ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈನ್ಯದ ರೈಫಲನ್ನೇ ಬಳಸಬೇಕಾದ ವಿಭಾಗವೊಂದುಂಟು. 1990ರ ದಶಕದಲ್ಲಿ ಅಲ್ಲಿ ಎಂ-16ರ ಜಾತಿಯ ಕೋವಿಗಳು ಮೇಲುಗೈ ಪಡೆದವು. ಹೊರರೂಪವು ಸೈನ್ಯದ ಕೋವಿಯಂತೆಯೇ ಇರಬೇಕೆಂಬ ನಿಯಮವನ್ನು ಮೀರದೆ, ಪ್ಲಾಸ್ಟಿಕ್ಕಿನ ಹೋಳುಗಳ ಒಳಗೆ ಲೋಹದ ಕೊಳವೆಯೊಂದನ್ನು ಅಡಗಿಸಿದರು. ಆ ಕೊಳವೆಯು ನಳಿಗೆಯ ಬುಡದಲ್ಲಿ ಮಾತ್ರ ಬಿಗಿಯಲ್ಪಟ್ಟು ಮುಂದೆ ಎಲ್ಲಿಯೂ ನಳಿಗೆಯನ್ನು ಸೋಂಕದಂತೆ ನಿಲ್ಲುತ್ತಿತ್ತು. ತೋಳಪಟ್ಟಿಯ ಕೊಂಡಿಯು ಕೊಳವೆಗೆ ಸೇರಿತು. ತೋಳಪಟ್ಟಿಯನ್ನು ಎಷ್ಟು ಎಳೆದರೂ ಆ ಎಳೆತವು ಕೊಳವೆಯ ಮೂಲಕ ಕೋವಿಯ ಒಡಲಿಗೆ ಹೋಗುತ್ತಿತ್ತೇ ಹೊರತು ನಳಿಗೆಗೆ ತಟ್ಟುತ್ತಿರಲಿಲ್ಲ. ನೋಡುವವರಿಗೆ ಹಳೆಯ ಕೋವಿ. ಒಳಗೆ ಹೊಸ ತತ್ತ್ವ.

ಸೈನ್ಯವು ಈ ಪಾಠವನ್ನು ಸುತ್ತುದಾರಿಯಲ್ಲಿ ಕಲಿತಿತು. 1995ರಲ್ಲಿ ಅಮೆರಿಕೆಯ ಪಿಕಟಿನ್ನಿ ಶಸ್ತ್ರಾಗಾರದ ಹೆಸರಿನಿಂದ ಪ್ರಸಿದ್ಧವಾದ ಹಲ್ಲುಹಳಿಯು ನಿಯತಮಾನವಾಯಿತು. ಅದರ ಒಂದೊಂದು ಹಳ್ಳದ ಅಗಲ 5.23 ಮಿಲಿಮೀಟರು. ದೀಪ, ದುರ್ಬೀನು, ಕಿರಣಗುರಿ ಮೊದಲಾದುವನ್ನು ಸಿಕ್ಕಿಸಲು ಕೈಗಾಪಿನ ನಾಲ್ಕು ಮಗ್ಗುಲಿಗೂ ಈ ಹಳಿಯನ್ನು ಕೊಟ್ಟರು. ಆದರೆ ಆ ದಶಕದಲ್ಲಿ ಎಂ-4 ಕೋವಿಗೆ ತೊಡಿಸಿದ ಹಳಿಯ ಕೈಗಾಪು ಹಳೆಯ ಎರಡು ತುದಿಗಳಿಗೇ ಸಿಕ್ಕಿಕೊಳ್ಳುವಂತಹದು. ಭಾರವು ಹೆಚ್ಚಿತು, ಸಂಗವು ತಪ್ಪಲಿಲ್ಲ. ದೂರಲಕ್ಷ್ಯಕ್ಕೆಂದು ನಿರ್ಮಿಸಿದ ಎಂಕೆ-12 ರೈಫಲಿನಲ್ಲಿ ನಿಸ್ಸಂಗ ಕೈಗಾಪನ್ನೇ ಬಳಸಿದರು. ಆಮೇಲೆ ವಿಶೇಷ ಪಡೆಗಳ ಎಂ-4 ಕೋವಿಗಳಿಗೂ ಡೇನಿಯಲ್ ಡಿಫೆನ್ಸ್ ಸಂಸ್ಥೆಯ ನಿಸ್ಸಂಗ ಕೈಗಾಪು ಬಂದಿತು.

ನಾಲ್ಕು ಮಗ್ಗುಲಿನ ಹಲ್ಲುಗಳು ಭಾರವಾದುವು, ಕೈಗೆ ಒರಟಾದುವು. ಆಗ ಕೈಗಾಪನ್ನು ನುಣುಪಾಗಿಸಿ, ಬೇಕಾದೆಡೆ ಮಾತ್ರ ಸಲಕರಣೆಯನ್ನು ಸಿಕ್ಕಿಸುವ ರಂಧ್ರಗಳನ್ನು ಕೊರೆಯುವ ಪದ್ಧತಿಯು ಹುಟ್ಟಿತು. 2012ರಲ್ಲಿ ಬೀಗದ ಕೈತೂತನ್ನು ಹೋಲುವ ಕೀಮಾಡ್ ಎಂಬುದೂ, 2014ರಲ್ಲಿ ಮ್ಯಾಗ್‌ಪುಲ್ ಸಂಸ್ಥೆಯ ಎಂ-ಲಾಕ್ ಎಂಬ ನೀಳಗಂಡಿಯೂ ಹೊರಬಂದವು. ಯಾವುದು ಮೇಲೆಂಬ ವಾದವು ಕೆಲವು ವರ್ಷ ನಡೆಯಿತು. ಅಮೆರಿಕೆಯ ನೌಕಾಪಡೆಯ ಕ್ರೇನ್ ಪರೀಕ್ಷಾಲಯವು ವಿಶೇಷ ಪಡೆಗಳಿಗಾಗಿ ಎರಡನ್ನೂ ಪರೀಕ್ಷಿಸಿತು. ಸಲಕರಣೆಯನ್ನು ಬಿಚ್ಚಿ ಮತ್ತೆ ಜೋಡಿಸಿದಾಗ ಗುರಿಯು ಎಷ್ಟು ಸರಿಯುತ್ತದೆಂದು ಅಳೆಯಲಾಗಿ, ಎಂ-ಲಾಕಿನಲ್ಲಿ ಸರಾಸರಿ 1.3 ಕಲೆ, ಕೀಮಾಡಿನಲ್ಲಿ ಸರಾಸರಿ 4.9 ಕಲೆ ಎಂದು ಕಂಡುಬಂದಿತು. 2017ರಲ್ಲಿ ಈ ಫಲಿತಾಂಶವು ಪ್ರಕಟವಾದ ಮೇಲೆ ವಾದವು ತಣ್ಣಗಾಯಿತು. ಬಾಯಿಮಾತಿನ ಜಗಳವನ್ನು ಅಳತೆಗೋಲು ಮುಗಿಸಿತು.

ಈ ಚರಿತ್ರೆಯನ್ನು ಅನುಸರಿಸಿ ಬಂದವರಿಗೆ ಆಯ್ಕೆಯ ಸೂತ್ರಗಳು ತಾವಾಗಿಯೇ ತೋರುತ್ತವೆ. ಮೊದಲನೆಯದು ಬುಡದ ಬಿಗಿ. ನಿಸ್ಸಂಗ ಕೈಗಾಪು ಒಂದೇ ತುದಿಯಲ್ಲಿ ಆಧಾರವುಳ್ಳದ್ದು. ಗೋಡೆಯಿಂದ ಚಾಚಿದ ತೊಲೆಯಂತೆ ಅದರ ಬಲವೆಲ್ಲಾ ಬುಡದಲ್ಲಿದೆ. ನಳಿಗೆಯನ್ನು ಒಡಲಿಗೆ ಬಿಗಿಯುವ ನಟ್ಟಿನ ಮೇಲೆ ಅದು ಎಷ್ಟು ಉದ್ದಕ್ಕೆ ಆತು ಕುಳಿತಿದೆ, ತಿರುಗದಂತೆ ತಡೆಯೇನಿದೆ ಎಂಬುದನ್ನು ಮೊದಲು ನೋಡಬೇಕು. ಆ ನಟ್ಟನ್ನು ಎಆರ್-15ರಲ್ಲಿ 30ರಿಂದ 80 ಅಡಿಪೌಂಡಿನೊಳಗೆ ಬಿಗಿಯಬೇಕೆಂಬುದು ರೂಢಿಯ ನಿಯಮ. ತಯಾರಕನು ಬೇರೆ ಹೇಳಿದ್ದರೆ ಅವನ ಮಾತೇ ಪ್ರಮಾಣ. ಎರಡನೆಯದು ಎಡೆ. ಒಳಗಿನ ಗ್ಯಾಸಿನ ಕಟ್ಟಾಗಲಿ ಕೊಳವೆಯಾಗಲಿ ಕೈಗಾಪಿಗೆ ತಾಗಿದರೆ ಹೆಸರು ಮಾತ್ರ ನಿಸ್ಸಂಗ. ಇದನ್ನು ಪರೀಕ್ಷಿಸಲು ಲಕ್ಷ್ಯಗಾರರು ಹಿಂದಿನಿಂದಲೂ ಕಾಗದದ ಪಟ್ಟಿಯೊಂದನ್ನು ನಳಿಗೆಯ ಕೆಳಗೆ ತೂರಿಸಿ ಬುಡದವರೆಗೆ ಎಳೆದು ನೋಡುತ್ತಾರೆ. ಕೋವಿಯನ್ನು ಅದರ ಎರಡು ಕಾಲಿನ ಊರೆಯ ಮೇಲೆ ಒತ್ತಿ ಹಿಡಿದಾಗಲೂ ಕಾಗದವು ತಡೆಯಿಲ್ಲದೆ ಹರಿದಾಡಬೇಕು.

ಮೂರನೆಯದು ಉದ್ದ ಮತ್ತು ಭಾರ. ಉದ್ದವಾದಷ್ಟೂ ಊರೆಯು ಮುಂದೆ ಹೋಗಿ ಸ್ಥಿರತೆ ಹೆಚ್ಚುತ್ತದೆ. ಆದರೆ ತುದಿಯು ಬಳುಕುವುದೂ ಹೆಚ್ಚುತ್ತದೆ. ಈ ಬಳುಕು ನಳಿಗೆಯನ್ನು ಕೆಡಿಸದು. ಕೈಗಾಪಿನ ತುದಿಗೆ ಗುರಿತೋರುವ ಉಪಕರಣವನ್ನು ಸಿಕ್ಕಿಸಿದ್ದರೆ ಆ ಉಪಕರಣವನ್ನು ಕೆಡಿಸುತ್ತದೆ. ಆದುದರಿಂದ ಹೊತ್ತು ತಿರುಗುವವನಿಗೆ ಹಗುರವಾದದ್ದೂ, ಒಂದೆಡೆ ಮಲಗಿ ಹೊಡೆಯುವವನಿಗೆ ಗಡುಸಾದದ್ದೂ ಯೋಗ್ಯ. ನಾಲ್ಕನೆಯದು ಕಾವು. ಅಲ್ಯೂಮಿನಿಯಮ್ಮು ಗಟ್ಟಿ, ಆದರೆ ಬೇಗ ಬಿಸಿಯಾಗುವುದು. ಕಾರ್ಬನ್ ನಾರಿನ ಕೊಳವೆಯು ಹಗುರ, ಕೈಗೂ ತಂಪು, ಆದರೆ ಬೆಲೆ ಹೆಚ್ಚು. ಕೊನೆಯದಾಗಿ ಸಲಕರಣೆಯನ್ನು ಜೋಡಿಸುವ ಪದ್ಧತಿ. ಇತ್ತೀಚೆಗೆ ಛಾಯಾಚಿತ್ರಗಾರರ ಮುಕ್ಕಾಲಿಯಿಂದ ಬಂದ ಆರ್ಕಾ ಎಂಬ ಅಗಲಹಳಿಯನ್ನು ಕೈಗಾಪಿನ ತಳದಲ್ಲಿ ಕೊರೆಯುವುದು ಸ್ಪರ್ಧಿಗಳಲ್ಲಿ ಬಳಕೆಗೆ ಬಂದಿದೆ. ಇವೆಲ್ಲಕ್ಕೂ ಮೇಲಾದ ಮಾತೊಂದುಂಟು: ಕೆಟ್ಟ ನಳಿಗೆಯನ್ನು ಯಾವ ಕೈಗಾಪೂ ಒಳ್ಳೆಯದು ಮಾಡಲಾರದು. ಅದು ಒಳ್ಳೆಯ ನಳಿಗೆಯನ್ನು ಕೆಡದಂತೆ ಕಾಯಬಲ್ಲುದಷ್ಟೆ.

ಇಂದು ಈ ವಿದ್ಯೆಯು ನಮ್ಮಿಂದ ದೂರವಿಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಸಂಸ್ಥೆಯು ಸೇಬರ್, ವೈಪರ್ ಎಂಬ ದೂರಲಕ್ಷ್ಯದ ರೈಫಲುಗಳನ್ನು ರೂಪಿಸಿದೆ. ವಿಟ್‌ವರ್ತನನ್ನೂ ಮ್ಯಾನನನ್ನೂ ಕಾಡಿದ ಪ್ರಶ್ನೆಯೇ ಅಲ್ಲಿಯ ಶಿಲ್ಪಿಗಳ ಮುಂದೆಯೂ ನಿಂತಿದೆ. ಇದು ಕೇವಲ ಆಟದ ಅಂಕಗಳ ಪ್ರಶ್ನೆಯಲ್ಲ. ಅಪರಾಧಿಯು ನಿರಪರಾಧಿಯೊಬ್ಬನನ್ನು ಎದುರಿಗೆ ಹಿಡಿದು ನಿಂತಾಗ, ದೂರದಲ್ಲಿ ಮಲಗಿರುವ ಪೊಲೀಸಿನವನಿಗೆ ಇಬ್ಬರ ತಲೆಗಳ ನಡುವೆ ಇರುವುದು ಕೆಲವೇ ಅಂಗುಲಗಳ ಎಡೆ. ಅವನ ಅಭ್ಯಾಸವೂ ಧೈರ್ಯವೂ ಕುಂದಿಲ್ಲದಿರಬಹುದು. ಆದರೂ ಊರೆಯ ಒತ್ತಡವೊಂದು ಅವನಿಗೆ ತಿಳಿಯದಂತೆ ನಳಿಗೆಯನ್ನು ಬಾಗಿಸಿದರೆ ಆ ತಪ್ಪಿಗೆ ಪ್ರಾಯಶ್ಚಿತ್ತವಿಲ್ಲ.

ವಿಂಬಲ್ಡನ್ನಿನಲ್ಲಿ ರಾಣಿಯ ಗುಂಡು ಸರಿಯಾಗಿ ಹೋದುದು ಕೈಯನ್ನು ದೂರವಿಟ್ಟುದರಿಂದ. ಆದರೆ ಯುದ್ಧಭೂಮಿಯಲ್ಲಿ ಕೈಯನ್ನು ದೂರವಿಡುವಂತಿಲ್ಲ. ಕೈಯು ಕೋವಿಯನ್ನು ಗಟ್ಟಿಯಾಗಿ ಹಿಡಿದಿರಬೇಕು, ನಳಿಗೆಯು ಆ ಹಿಡಿತವನ್ನು ಅರಿಯದಂತೆಯೂ ಇರಬೇಕು. ಕಬ್ಬಿಣದ ಪೀಠದಿಂದ ಕಾಂಕ್ರೀಟಿನ ಕಟ್ಟೆಗೆ, ಅಲ್ಲಿಂದ ಕೈಯಲ್ಲಿ ಹಿಡಿಯಬಹುದಾದ ಹಗುರವಾದ ಕೊಳವೆಗೆ ಬರಲು ನೂರಮೂವತ್ತು ವರ್ಷಗಳು ಹಿಡಿದವು.